ನಾಲ್ಕು ಊರಿನ ಕರಿಹಲಗೆಗಳು

ಆ ಚಿತ್ರವನ್ನು ಪುಟಕ್ಕೆ ಕಳಿಸಿದವನು ನಾನು. ಇದು ಸರಳವಾದ ವಾಕ್ಯ. ಇದನ್ನು ಜನರ ಮುಂದೆ ಹೇಳಲು ನನಗೆ ಒಂದು ವಾರ ಹಿಡಿಯಿತು.

ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ ನಾನು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಕನ್ನಡ ದಿನಪತ್ರಿಕೆಯೊಂದಕ್ಕೆ ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಪುಟವನ್ನು ಆಗ ನಾನು ನೋಡಿಕೊಳ್ಳುತ್ತಿದ್ದೆ. ಸುದ್ದಿ ಹೆಚ್ಚಾಗಿ ಮರಾಠಿಯಲ್ಲಿ ಫೋನಿಗೆ ಬರುತ್ತದೆ. ಅದನ್ನು ಕನ್ನಡಕ್ಕೆ ತಂದು, ಚಿತ್ರ ಸೇರಿಸಿ ಪುಟ ಕಟ್ಟುವವನಿಗೆ ಕಳಿಸಬೇಕು. ಅವನು ಕಟ್ಟಿದ ಪುಟವನ್ನು ನಾನು ಫೋನಿನಲ್ಲಿ ನೋಡಿ ‘ಓಕೆ’ ಎಂದರೆ ಮುದ್ರಣಕ್ಕೆ ಹೋಗುತ್ತದೆ.

ಅಂದಿನ ಮುಖ್ಯ ಸುದ್ದಿ ಕಳಪೆ ಬೀಜದ್ದು. ತಾಲೂಕಿನಲ್ಲಿ ಒಬ್ಬ ವ್ಯಕ್ತಿ ತಿನ್ನುವ ಜೋಳಕ್ಕೆ ಬಣ್ಣ ಹಚ್ಚಿ, ಬಿತ್ತನೆ ಬೀಜವೆಂದು ಚೀಲ ಕಟ್ಟಿ ಮಾರಿದ್ದ. ಅವನ ಹೆಸರನ್ನು ತನಿಖೆಯ ಕಾರಣಕ್ಕೆ ಕೊಟ್ಟಿರಲಿಲ್ಲ. ‘ಐವತ್ತೈದರ ಆಸುಪಾಸಿನ ರೈತ’ ಎಂದಷ್ಟೇ ಇತ್ತು. ಸುದ್ದಿಗೆ ಚಿತ್ರ ಇರಲಿಲ್ಲ. ಫೋನಿನಲ್ಲಿ ‘ಜೋಳ’ ಎಂದು ಹುಡುಕಿದೆ. ಆರು ತಿಂಗಳ ಹಿಂದೆ ವಾಗದರಿಯಲ್ಲಿ ಸುಗ್ಗಿಯ ಲೇಖನಕ್ಕೆ ತೆಗೆದ ಒಂದು ಚಿತ್ರ ಸಿಕ್ಕಿತು: ಬಿಳಿಜೋಳದ ರಾಶಿಯ ಮುಂದೆ ಬೊಗಸೆಯಲ್ಲಿ ಕಾಳು ಹಿಡಿದು ನಿಂತ ರೈತ. ಹಣೆಯ ಮೇಲೆ ವಿಭೂತಿ, ತಲೆಗೆ ಬಿಳಿ ಟೋಪಿ, ಸ್ಪಷ್ಟ ಬೆಳಕು. ಒಳ್ಳೆಯ ಚಿತ್ರ. ಅಡಿಬರಹ ಬರೆಯಲಿಲ್ಲ. ಇಂಥ ಚಿತ್ರಕ್ಕೆ ಪುಟ ಕಟ್ಟುವವನೇ ‘ಸಂಗ್ರಹ ಚಿತ್ರ’ ಎಂದು ಹಾಕುವುದು ವಾಡಿಕೆ. ಅಂದು ಅವನು ರಜೆಯಲ್ಲಿದ್ದ, ಬದಲಿಯವನಿಗೆ ವಾಡಿಕೆ ಗೊತ್ತಿರಲಿಲ್ಲ. ಪುಟ ಫೋನಿಗೆ ಬಂದಾಗ ಬಸ್ಸು ಹೊಂಡದ ರಸ್ತೆಯಲ್ಲಿತ್ತು. ಶೀರ್ಷಿಕೆ ಓದಿದೆ, ಚಿತ್ರದ ಜಾಗ ತುಂಬಿರುವುದನ್ನು ನೋಡಿದೆ, ‘ಓಕೆ’ ಒತ್ತಿದೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಅಕ್ಕಲಕೋಟದಲ್ಲಿ ಪತ್ರಿಕೆ ಹಂಚುವ ಏಜೆಂಟರ ಕರೆ ಬಂತು.

“ಸರ್, ಮೂರನೇ ಪಾನದಾಗ ವಾಗದರಿ ಕಾಕಾ ಬಂದಾರಲ್ಲ. ಅವ್ರನ್ನ ಯಾವಾಗ ಹಿಡದ್ರು?”

ಮೂರನೇ ಪುಟ ತೆರೆದು ನೋಡಿದೆ. ಹೆಸರಿಲ್ಲದ ಆರೋಪಿಯ ಸುದ್ದಿ, ಅದರ ನಟ್ಟನಡುವೆ ಹೆಸರಿಲ್ಲದ ಒಂದು ಮುಖ. ಓದುವವನು ಎರಡನ್ನೂ ಸೇರಿಸಿಕೊಳ್ಳದೆ ಬೇರೇನು ಮಾಡುತ್ತಾನೆ?

ನಮ್ಮ ಆವೃತ್ತಿಯ ಮುಖ್ಯಸ್ಥರಿಗೆ ತಕ್ಷಣ ತಿಳಿಸಿದೆ. ಮಂಗಳವಾರದ ಸಂಚಿಕೆಯಲ್ಲಿ ಮೂರು ಸಾಲು ಬಂತು: ನಿನ್ನೆ ಪ್ರಕಟವಾದ ಬೀಜದ ಸುದ್ದಿಯ ಚಿತ್ರ ಸಾಂದರ್ಭಿಕ, ಅದಕ್ಕೂ ಪ್ರಕರಣಕ್ಕೂ ಸಂಬಂಧವಿಲ್ಲ. ಚಿತ್ರದಲ್ಲಿದ್ದ ರೈತರ ಹೆಸರು ಹಾಕಲಿಲ್ಲ. ಹೆಸರು ಹಾಕಿದರೆ ನೋಡದವರೂ ನೋಡುತ್ತಾರೆ ಎಂಬುದು ಮುಖ್ಯಸ್ಥರ ವಾದ. ಆಗ ನನಗೂ ಅದು ಸರಿಯೆನಿಸಿತು. ಅಲ್ಲಿಗೆ ಮುಗಿಯಿತು ಎಂದುಕೊಳ್ಳಲು ನನಗೆ ಮನಸ್ಸಿತ್ತು ಎಂಬುದನ್ನೂ ದಾಖಲಿಸಬೇಕು.

ಬುಧವಾರ ವಾಗದರಿಗೆ ಹೋದೆ. ಆ ರೈತರು ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದರು. ಅವರ ಹೆಂಡತಿ ಚರಿಗೆಯಲ್ಲಿ ನೀರು ತಂದಿಟ್ಟರು, ಕುಳಿತುಕೊಳ್ಳಿ ಎನ್ನಲಿಲ್ಲ. ಆ ಭಾಗದಲ್ಲಿ ಬಂದವನಿಗೆ ನೀರು ಕೊಡದಿರುವುದು ಸಾಧ್ಯವಿಲ್ಲ. ಕೊಟ್ಟು ಸುಮ್ಮನಿರುವುದು ಸಾಧ್ಯ.

ರೈತರು ಮಗನ ಫೋನು ತರಿಸಿ ತೋರಿಸಿದರು. ಪತ್ರಿಕೆಯ ತುಣುಕನ್ನು ಯಾರೋ ಕತ್ತರಿಸಿ, ಮೇಲೆ ಮರಾಠಿಯಲ್ಲಿ ‘ಈ ಮನುಷ್ಯನಿಂದ ಬೀಜ ಕೊಳ್ಳುವ ಮುನ್ನ ಯೋಚಿಸಿ’ ಎಂದು ಬರೆದು ಗುಂಪುಗಳಿಗೆ ಬಿಟ್ಟಿದ್ದರು. ಅದು ಮೈಂದರ್ಗಿಗೆ ಹೋಗಿತ್ತು. ಮಂದ್ರೂಪದಲ್ಲಿರುವ ಅವರ ಮಗಳ ಗಂಡನ ಮನೆಗೂ ಹೋಗಿತ್ತು. ಮಂಗಳವಾರದ ಮೂರು ಸಾಲುಗಳನ್ನು ಯಾರೂ ಕತ್ತರಿಸಿರಲಿಲ್ಲ. ಕತ್ತರಿಸುವಷ್ಟು ದೊಡ್ಡದಾಗಿರಲೂ ಇಲ್ಲ.

“ಮಾರಿ ಅಂಗೈಯಷ್ಟು ಹಾಕೀರಿ. ಚೂಕ ಆತು ಅನ್ನೂದು ಇರಿವಿ ಸಾಲಿನಂಗ ಹಾಕೀರಿ,” ಎಂದರು ರೈತರ ಹೆಂಡತಿ.

ಮುಖಕ್ಕೂ ತಿದ್ದುಪಡಿಗೂ ಅವರು ಹೇಳಿದ ಅಳತೆ ಸರಿಯಾಗಿತ್ತು.

ಆಮೇಲೆ ರೈತರು ಒಳಗೆ ಕರೆದು ಬಿದಿರಿನ ಕಣಜವನ್ನು ತೋರಿಸಿದರು. ಸುಗ್ಗಿಯಲ್ಲಿ ಆರಿಸಿದ ತೆನೆಗಳನ್ನು ಜಂತಿಗೆ ತೂಗುಹಾಕಿ ಒಣಗಿಸಿ, ಕೈಯಿಂದಲೇ ಕಾಳು ಬಿಡಿಸಿ, ಬೂದಿ ಮತ್ತು ಬೇವಿನೆಲೆ ಬೆರೆಸಿ ತುಂಬಿಟ್ಟ ಬೀಜ ಅದರಲ್ಲಿತ್ತು. ಬಾಯಿಗೆ ಸಗಣಿ ಮೆತ್ತಿದ್ದು ಹಾಗೇ ಇತ್ತು. ಉತ್ತರೆ ಮಳೆ ಬಿದ್ದ ಮೇಲೆ ಅವರ ಓಣಿಯ ಹೆಂಗಸರು, ಮೈಂದರ್ಗಿಯ ಬೀಗರು, ಮಂದ್ರೂಪದವರು ಬಂದು ಮಡಿಲು ಒಡ್ಡಿ ಬೀಜ ಒಯ್ಯುತ್ತಾರೆ. ಸುಗ್ಗಿಯಾದ ಮೇಲೆ ಅಷ್ಟೇ ಜೋಳ ತಂದು ಸುರಿಯುತ್ತಾರೆ. ಆ ಮನೆಯದೊಂದು ಪದ್ಧತಿ ಇದೆ. ಕಣಜದ ಬಾಯಿ ಒಡೆದರೆ ಮೊದಲ ಬೊಗಸೆ ಬೇರೆಯವರ ಮಡಿಲಿಗೆ ಹೋಗಬೇಕು. ತಮ್ಮ ಹೊಲಕ್ಕೆ ಆಮೇಲೆ.

ಆ ವರ್ಷ ಯಾರೂ ಬಂದಿರಲಿಲ್ಲ. ಕಣಜದ ಬಾಯಿ ತೆರೆದಿರಲಿಲ್ಲ. ಹೊಲ ಹದಕ್ಕೆ ಬಂದು ಕಾಯುತ್ತಿತ್ತು. ಹಸ್ತ ಮಳೆ ಕೂಡುವುದರೊಳಗೆ ಬಿತ್ತಬೇಕು. ಇನ್ನು ಹತ್ತು ಹನ್ನೊಂದು ದಿನ.

“ನಿಮ್ಮ ಹೊಲಕ್ಕೆ ನೀವು ಬಿತ್ತಿಕೊಳ್ಳಬಹುದಲ್ಲ,” ಎಂದೆ. ಅದು ಹೊರಗಿನವನ ಮಾತು.

ರೈತರು ನನ್ನನ್ನು ನೋಡಿದರು. “ನಮ್ಮ ಮುತ್ಯಾ ಬರಗಾಲದಾಗ ಸುದ್ದಾ ಹಂಗ ಮಾಡಿಲ್ಲ. ಯಾರೂ ಒಲ್ಲದ ಬೀಜ ನಾ ಯಾಕ ಬಿತ್ತಲಿ?”

ಗುರುವಾರ ಕಚೇರಿಯಲ್ಲಿ ಮುಖ್ಯಸ್ಥರ ಮುಂದೆ ಕುಳಿತೆ. ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ, ಅದೇ ಚಿತ್ರವನ್ನು ಹೆಸರಿನೊಂದಿಗೆ ಹಾಕಿ, ಈ ರೈತರಿಗೂ ಪ್ರಕರಣಕ್ಕೂ ಸಂಬಂಧವಿಲ್ಲ ಎಂದು ಬರೆಯೋಣ ಎಂದೆ. ಅವರು ಕೆಟ್ಟವರಲ್ಲ. ನನಗೆ ಸುದ್ದಿ ಬರೆಯುವುದನ್ನು ಕಲಿಸಿದವರೇ ಅವರು. ಒಮ್ಮೆ ತಿದ್ದುಪಡಿ ಹಾಕಿದ್ದೇವೆ, ಎರಡನೆಯದು ಹಾಕಿದರೆ ಕೋರ್ಟಿನಲ್ಲಿ ನಾವೇ ಸಾಕ್ಷ್ಯ ಒದಗಿಸಿದಂತೆ ಎಂದರು. ಇನ್ನು ಮುಂದೆ ಆ ಊರಿಗೆ ಹೋಗಬೇಡ ಎಂದೂ ಹೇಳಿದರು. ನಾನು ಎರಡು ಸಲ ವಾದಿಸಿದೆ. ಮೂರನೇ ಸಲ ದನಿ ಏರಿತು, ನನ್ನದು. ಸಂಜೆಗೆ ಪುಟ ನನ್ನ ಕೈಯಿಂದ ಹೋಗಿತ್ತು. ಬೇರೆಯವನಿಗೆ ಕೊಟ್ಟಿದ್ದರು, ನನಗೆ ಮಾರುಕಟ್ಟೆ ಧಾರಣೆಯ ಕಾಲಂ ಉಳಿಯಿತು.

ಆ ರಾತ್ರಿ ಪ್ರಾರ್ಥಿಸಲು ಕುಳಿತೆ. ಪ್ರಾರ್ಥನೆ ಆಗಲಿಲ್ಲ, ಮುಖ್ಯಸ್ಥರ ಮೇಲಿನ ದೂರಿನ ಪಟ್ಟಿ ಆಯಿತು. ಪಟ್ಟಿ ಮುಗಿದ ಮೇಲೆ ಓದಿ ನೋಡಿದಂತೆ ಯೋಚಿಸಿದೆ. ಅದರಲ್ಲಿ ಬಸ್ಸಿನಲ್ಲಿ ‘ಓಕೆ’ ಒತ್ತಿದ ಬೆರಳು ಎಲ್ಲಿಯೂ ಇರಲಿಲ್ಲ.

ಶುಕ್ರವಾರ ಸಂಜೆ ನಮ್ಮ ಸಭೆಯ ಮನೆಕೂಟ. ಸೊಲ್ಲಾಪುರದಲ್ಲಿ ಕನ್ನಡ ಮಾತಾಡುವ ಕ್ರೈಸ್ತರು ಕಡಿಮೆ. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ಆ ವಾರ ಗಿರಣಿ ಕೆಲಸಗಾರರ ಹಳೆಯ ಚಾಳಿನಲ್ಲಿ, ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತರಾದ ಒಬ್ಬ ಅಜ್ಜಿಯ ಕೋಣೆಯಲ್ಲಿತ್ತು. ಹಾಡಿನ ನಂತರ ಒಬ್ಬೊಬ್ಬರು ಎದ್ದು ಸಾಕ್ಷಿ ಹೇಳುವುದು ರೂಢಿ: ಮಗ ಪಾಸಾದ, ಜ್ವರ ಇಳಿಯಿತು, ಕರ್ತನಿಗೆ ಸ್ತೋತ್ರ. ನಾನು ಹದಿನಾಲ್ಕು ವರ್ಷಗಳಿಂದ ಹೋಗುತ್ತಿದ್ದರೂ ಒಮ್ಮೆಯೂ ಎದ್ದವನಲ್ಲ. ಹಿಂದಿನ ಗೋಡೆಗೆ ಒರಗಿ ಕೇಳುತ್ತಿದ್ದೆ. ಅದು ವೃತ್ತಿಯ ಗುಣ ಎಂದುಕೊಂಡಿದ್ದೆ.

ಅಂದು ಅಜ್ಜಿ ಎದ್ದರು. ಹತ್ತೊಂಬತ್ತು ವರ್ಷಗಳಿಂದ ಮಾತು ಬಿಟ್ಟಿದ್ದ ತಂಗಿಯ ಮನೆಗೆ ಆ ವಾರ ಹೋಗಿದ್ದರಂತೆ.

“ಹೋದೆ. ಬಾಗಿಲ ತಗೀಲಿಲ್ಲ. ಕಟ್ಟಿ ಮ್ಯಾಲ ಒಂದ್ ತಾಸ ಕುಂತೆ, ಎದ್ದ ಬಂದೆ. ಸ್ತೋತ್ರ.”

ಯಾರೋ ನಕ್ಕರು. ಬಾಗಿಲು ತೆಗೆಯದ್ದಕ್ಕೆ ಸ್ತೋತ್ರ ಯಾಕೆ ಎಂದು ಒಬ್ಬರು ಕೇಳಿದರು.

“ಬಾಗಿಲಕ್ಕ ಅಲ್ಲವಾ, ನನ್ನ ಕಾಲಿಗೆ. ಇಷ್ಟ ವರ್ಷ ಅವು ಎದ್ದಿದ್ದಿಲ್ಲ.” ಆಮೇಲೆ ಹಿಂದಿನ ಗೋಡೆಯ ಕಡೆ, ನನ್ನ ಕಡೆ ತಿರುಗಿದರು. “ಬರೇ ಗೆದ್ದದ್ದ ಹೇಳಿದ್ರ ಅದು ಸಾಕ್ಷಿ ಅಲ್ಲೋ ಪೇಪರ್‌ನವನ, ಜಾಹಿರಾತ.”

ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಸುಮ್ಮನೆ ಕಿಚಾಯಿಸಿದ್ದು. ಆಮೇಲೆ ಸಭಾಪಾಲಕರು ಬೈಬಲಿನಿಂದ ಅಂದಿನ ಪಾಠ ಓದಿದರು. ಅದು ಕರ್ತನನ್ನು ನೋಡಲು ಮರ ಹತ್ತಿದ ಗಿಡ್ಡ ಸುಂಕದವನ ಕಥೆ. ಅನ್ಯಾಯವಾಗಿ ಯಾರಿಂದಲಾದರೂ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದವನ ಕಥೆ. ಅದು ವರ್ಷದ ಪಟ್ಟಿಯಲ್ಲಿ ಆ ವಾರಕ್ಕೆ ಮೊದಲೇ ನಿಗದಿಯಾಗಿದ್ದ ಪಾಠ. ನನಗಾಗಿ ಬಂದದ್ದು ಎಂದು ನಾನು ಹೇಳುವುದಿಲ್ಲ. ಪವಾಡಗಳ ಸುದ್ದಿಗಳನ್ನು ನಾನು ಸಾಕಷ್ಟು ಪರಿಶೀಲಿಸಿದ್ದೇನೆ. ಆದರೆ ಬಾಲ್ಯದಿಂದ ಕೇಳಿದ ಆ ಕಥೆಯಲ್ಲಿ ಎರಡು ಸಂಗತಿಗಳನ್ನು ಅಂದು ಮೊದಲ ಸಲ ಗಮನಿಸಿದೆ. ನಾಲ್ಕು ಎಂಬ ಸಂಖ್ಯೆಯನ್ನು ಅವನಿಂದ ಯಾರೂ ಕೇಳಿರಲಿಲ್ಲ, ಅವನೇ ಹೇಳಿದ್ದು. ಮತ್ತು ಅವನು ಅದನ್ನು ಮನೆಯ ಮೂಲೆಯಲ್ಲಿ ಅಲ್ಲ, ಎದ್ದು ನಿಂತು ಹೇಳಿದ.

ಗಿರಣಿ ಚಾಳಿನಿಂದ ಮನೆಗೆ ನಡೆಯುವಾಗ ನಿರ್ಧಾರ ಆಯಿತು. ಪತ್ರಿಕೆ ಬರೆಯದಿದ್ದರೆ ನಾನು ಬರೆಯಬೇಕು. ಎಲ್ಲಿ ಎಂಬುದಕ್ಕೂ ಉತ್ತರ ಇತ್ತು. ನಮ್ಮ ಕಡೆಯ ಪ್ರತಿ ಊರಿನ ಚಾವಡಿ ಅಥವಾ ಬಸ್ ನಿಲ್ದಾಣದ ಬಳಿ ವಾರ್ತಾಫಲಕ ಎಂಬ ಕರಿಹಲಗೆ ಇರುತ್ತದೆ. ಸಾವು, ಮದುವೆ, ನೀರು ಬಿಡುವ ಹೊತ್ತು, ಕುಸ್ತಿಯ ದಿನ, ಎಲ್ಲವನ್ನೂ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಪತ್ರಿಕೆ ಓದದವರೂ ಅದನ್ನು ಓದುತ್ತಾರೆ. ತುಣುಕು ಹೋದ ಊರುಗಳನ್ನು ಏಜೆಂಟರ ಸಹಾಯದಿಂದ ಪಟ್ಟಿ ಮಾಡಿದೆ: ಮಂದ್ರೂಪ, ಅಕ್ಕಲಕೋಟ, ಮೈಂದರ್ಗಿ, ವಾಗದರಿ. ನಾಲ್ಕು.

ಶನಿವಾರ ಬೆಳಿಗ್ಗೆ ಮುಖ್ಯಸ್ಥರಿಗೆ ವಿಷಯ ಹೇಳಿದೆ. ಪತ್ರಿಕೆಯ ಹೆಸರು ಬರೆಯುವುದಿಲ್ಲ, ನನ್ನ ಹೆಸರಿನಲ್ಲಿ ಬರೆಯುತ್ತೇನೆ ಎಂದೆ. ಅವರು ನನ್ನ ಕೊರಳ ಕಡೆ ಕೈ ತೋರಿಸಿದರು.

“ಹೋಗುವುದಾದರೆ ಗುರುತಿನ ಚೀಟಿ ಇಲ್ಲಿಟ್ಟು ಹೋಗು.”

ಮೇಜಿನ ಮೇಲಿಟ್ಟೆ. ಮೆಟ್ಟಿಲಿಳಿಯುವಾಗ ಕೊರಳು ಖಾಲಿ ಅನಿಸಿತು. ಧೈರ್ಯದ ಕ್ಷಣ ಎಂದು ಇದನ್ನು ಬರೆಯಲಾರೆ. ಕೆಳಗಿನ ಚಹಾದಂಗಡಿಯಲ್ಲಿ ಕುಳಿತು ಮೊದಲು ಲೆಕ್ಕ ಹಾಕಿದ್ದು, ಕೈಯಲ್ಲಿರುವ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ ಎಂದು.

ಅಂದೇ ಮಧ್ಯಾಹ್ನ ವಾಗದರಿಗೆ ಹೋದೆ. ರೈತರ ಹೆಸರು ಬರೆಯಲು ಅವರ ಒಪ್ಪಿಗೆ ಬೇಕಿತ್ತು. ಹೆಸರು ಹಾಕಿದರೆ ಇನ್ನಷ್ಟು ಹರಡಬಹುದು ಎಂಬ ಮುಖ್ಯಸ್ಥರ ಮಾತನ್ನೂ ಅವರಿಗೆ ಹೇಳಿದೆ, ಅದು ಸುಳ್ಳಲ್ಲದ ಕಾರಣ. ರೈತರ ಹೆಂಡತಿ ಒಳಗಿನಿಂದಲೇ ‘ಬರೀಲಿ’ ಎಂದರು. ಹರಡೂದು ಇನ್ನೇನು ಉಳದದ ಎಂದರು.

“ನೀವು ಕ್ರಿಸ್ತಾವ್ರಂತ ಹೌದೇನ್ರಿ?” ರೈತರು ಕೇಳಿದರು. ಏಜೆಂಟರು ಹೇಳಿರಬೇಕು.

ಹೌದೆಂದೆ.

“ತಪ್ಪ ಒಪ್ಪಿದ್ರ ನಿಮ್ಮ ದೇವ್ರು ಬಿಡ್ತಾನಂತ. ನಾ ದೇವ್ರಲ್ಲ, ತಿಳೀತಿಲ್ಲೋ?”

“ಅವ ಬಿಟ್ರೂ ಬರೀಬೇಕಾಗ್ತದ್ರಿ,” ಎಂದೆ.

ಅವರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. “ಬರೀರಿ. ಆದ್ರ ನಮ್ಮೂರಾಗ ಕಡೀಕ ಬರೀರಿ. ದೂರದ ಮಂದಿ ಮೊದಲ ತಿಳಕೋಲಿ.”

ಒಕ್ಕಣೆಯ ಮೊದಲ ಕರಡು ಒಂದು ಪುಟ ಬಂತು. ರಜೆಯಲ್ಲಿದ್ದ ನೌಕರ, ಬಸ್ಸು, ಹೊಂಡ, ಎಲ್ಲ ಅದರಲ್ಲಿದ್ದವು. ಇಪ್ಪತ್ತು ವರ್ಷ ಬೇರೆಯವರ ಬರಹ ತಿದ್ದಿದವನ ಕಣ್ಣಿನಿಂದ ಓದಿದೆ. ನೆಪಗಳನ್ನು ಹೊಡೆದುಹಾಕಿದರೆ ಐದು ಸಾಲು ಉಳಿಯಿತು. ಬೀಜದ ಸುದ್ದಿಯ ಜೊತೆ ಬಂದ ಫೋಟೊ ವಾಗದರಿಯ ಇಂಥವರದು. ಆ ಪ್ರಕರಣಕ್ಕೂ ಅವರಿಗೂ ಏನೂ ಸಂಬಂಧ ಇಲ್ಲ. ಅವರ ಬೀಜ ಅವರ ಮನೆಯದು, ಒಳ್ಳೆಯದು. ಫೋಟೊ ಕಳಿಸಿದವನು ನಾನು, ತಪ್ಪು ನನ್ನದು. ಕೆಳಗೆ ನನ್ನ ಹೆಸರು, ಫೋನು. ಮೂರನೇ ಸಾಲನ್ನು ಬರೆಯುವ ಮೊದಲು ವಾಗದರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡಿದ್ದೆ. ತಪ್ಪೊಪ್ಪಿಗೆಯಲ್ಲೂ ಪರಿಶೀಲಿಸದ ಮಾತು ಇರಬಾರದು.

ಭಾನುವಾರ ಆರಾಧನೆ ಮುಗಿಸಿ ಮಂದ್ರೂಪಕ್ಕೆ ಹೋದೆ. ಹಲಗೆ ನೋಡಿಕೊಳ್ಳುವ ತರುಣ ಮಂಡಳದವರು ವಿಷಯ ಓದಿ, ಒಬ್ಬರ ಮುಖ ಒಬ್ಬರು ನೋಡಿ, ಬರೀರಿ ಎಂದರು. ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಬರೆದರೆ ಒಣಗಿದ ಮೇಲೆ ಅಕ್ಷರ ಗಟ್ಟಿಯಾಗಿ ಕೂರುತ್ತದೆ ಎಂದು ಅವರೇ ಹೇಳಿಕೊಟ್ಟರು. ಕನ್ನಡದಲ್ಲಿ ದುಂಡಗೆ ಎರಡು ಸಾಲು ಬರೆದೆ. ಹಿಂದೆ ನಿಂತ ಕಾಲೇಜು ಹುಡುಗಿಯೊಬ್ಬಳು ತಡೆದಳು.

“ಕಾಕಾ, ಹಿಂಗ ಬರದ್ರ ನಮ್ಮಪ್ಪ ಒಬ್ರ ಓದ್ತಾರ. ನಮಗ ಕನ್ನಡ ಅಕ್ಷರ ಬರೂದಿಲ್ಲ. ಮಾತ ಕನ್ನಡದ್ದ ಇರ್ಲಿ, ಮರಾಠಿ ಅಕ್ಷರದಾಗ ಬರೀರಿ.”

ನಾನು ಜೀವಮಾನವೆಲ್ಲ ಕನ್ನಡ ಅಕ್ಷರದಿಂದ ಅನ್ನ ಉಂಡವನು. ಅದನ್ನು ಒರೆಸುವಾಗ ಕೈ ತಡೆಯಿತು. ಆದರೆ ಇದು ನನ್ನ ಅಭಿಮಾನದ ಹಲಗೆಯಲ್ಲ. ಒರೆಸಿ ದೇವನಾಗರಿಯಲ್ಲಿ, ಅವರು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದೆ. ಆ ಹುಡುಗಿ ಅದರ ಫೋಟೊ ತೆಗೆದು, ತುಣುಕು ಬಂದಿದ್ದ ಗುಂಪಿಗೇ ಹಾಕಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಪತ್ರಿಕೆಯ ತಿದ್ದುಪಡಿಗೆ ಆಗದ್ದು ಆ ಒಂದು ಬೆರಳಿನಿಂದ ಆಯಿತು. ನಾನು ಮೊದಲು ಕೃತಜ್ಞನಾಗಿರಬೇಕಾದವರ ಪಟ್ಟಿಯಲ್ಲಿ ಅವಳಿದ್ದಾಳೆ.

ಸೋಮವಾರ ಅಕ್ಕಲಕೋಟದ ಬಸ್ ನಿಲ್ದಾಣದ ಬಳಿ ಬರೆದೆ. ಮಂಗಳವಾರ ಮೈಂದರ್ಗಿ. ಅಷ್ಟರಲ್ಲಿ ಫೋನು ಶುರುವಾಗಿತ್ತು. ಕೆಲವರು ಬೈದರು. ಕೆಲವರು ಹಿಂಗ ಬರೀಲಿಕ್ಕ ಎಷ್ಟು ಕೊಟ್ಟಾರ ಎಂದು ಕೇಳಿದರು. ಒಬ್ಬ ಮಾತ್ರ ಗಂಭೀರವಾಗಿ ಮಾತಾಡಿದ. “ಸಾಹೇಬ್ರ, ನನ್ನ ಫೋಟೊನೂ ಒಮ್ಮಿ ತಪ್ಪಿ ಹಾಕ್ರಿ. ಆಮ್ಯಾಲ ನಾಕ್ ಊರಾಗ ಹೆಸರ ಬರೀರಿ. ಪಂಚಾಯ್ತಿ ಇಲೆಕ್ಷನ್‌ಗೆ ನಿಂದ್ರಾವಿದ್ದೀನಿ.” ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಮಂಗಳವಾರ ಮಧ್ಯಾಹ್ನ ಉತ್ತರೆ ಮಳೆ ಜೋರಾಗಿ ಹೊಡೆಯಿತು. ಮೈಂದರ್ಗಿಯ ಹಲಗೆಗೆ ತಗಡಿನ ಮಾಡು ಇತ್ತು, ಉಳಿಯಿತು. ಅಕ್ಕಲಕೋಟದ್ದು ತೊಳೆದುಹೋಯಿತು. ಬುಧವಾರ ಬೆಳಿಗ್ಗೆ ಅಲ್ಲಿ ಇಳಿದಾಗ ಹಲಗೆಯ ಮೇಲೆ ನನ್ನ ಹೆಸರಿನ ಅರ್ಧ ಮಾತ್ರ ಇತ್ತು. ರೈತರ ಹೆಸರು ಇರಲಿಲ್ಲ. ನಾಲ್ಕು ಎಂದು ಎಣಿಸಿ, ಮನಸ್ಸಿನಲ್ಲೇ ಮೂರು ಮುಗಿಯಿತು ಎಂದು ಗೀಟು ಹಾಕಿಕೊಂಡು ಬಂದಿದ್ದೆ. ಆ ಎಣಿಕೆಯಲ್ಲಿ ಎಷ್ಟೊಂದು ಅಹಂಕಾರ ಇತ್ತೆಂದು ಒದ್ದೆ ಹಲಗೆಯ ಮುಂದೆ ನಿಂತಾಗ ಗೊತ್ತಾಯಿತು. ಚಹಾದಂಗಡಿಯವರಿಂದ ಅರಿವೆ ಪಡೆದು ಒರೆಸಿ, ಒಣಗುವವರೆಗೆ ಕಾದು, ಮತ್ತೆ ಬರೆದೆ. ಎಣಿಸುವುದನ್ನು ಅಲ್ಲಿಗೆ ಬಿಟ್ಟೆ.

ವಾಗದರಿ ತಲುಪಿದಾಗ ಗುರುವಾರ, ಹತ್ತು ಗಂಟೆ. ಹೊಲಕ್ಕೆ ಹೋಗುವವರು ಹೋಗಿಯಾಗಿತ್ತು. ಚಾವಡಿಯ ಕಟ್ಟೆಯ ಮೇಲೆ ಮುದುಕರು, ನಲ್ಲಿಯ ಬಳಿ ಹೆಂಗಸರು. ರೈತರು ಬರಲಿಲ್ಲ. ಬರುತ್ತಾರೆಂದು ನಾನೂ ಎಣಿಸಿರಲಿಲ್ಲ. ಬರೆದು ಮುಗಿಸಿ ಸೀಮೆಸುಣ್ಣ ಕೆಳಗಿಟ್ಟೆ. ಆಮೇಲೆ ರೈತರ ಓಣಿಯ ಒಬ್ಬ ಮುದುಕಿ ಕೊಡ ಕೆಳಗಿಟ್ಟು ಹತ್ತಿರ ಬಂದರು. ಓದಲು ಬರುವುದಿಲ್ಲ, ಒದರಿ ಹೇಳು ಎಂದರು.

ಬರೆಯುವುದು ಬೇರೆ, ನಾಲ್ಕು ಜನರ ಮುಂದೆ ಬಾಯಿಬಿಟ್ಟು ಓದುವುದು ಬೇರೆ. ಐದು ಸಾಲು ಓದಿದೆ. ‘ತಪ್ಪು ನನ್ನದು’ ಎಂಬುದನ್ನು ನಲ್ಲಿಯ ಬಳಿಯವರಿಗೂ ಕೇಳುವಂತೆ ಎರಡು ಸಲ ಓದಿದೆ.

ಮುದುಕಿ ಕೇಳಿಸಿಕೊಂಡು ಹಲಗೆಯನ್ನು ಅಲ್ಲ, ನನ್ನನ್ನು ನೋಡಿದರು.

“ಪೇಪರ್ ನೋಡಿ ನಾ ಬಿಟ್ಟಿದ್ದಿಲ್ಲ ತಮ್ಮಾ. ಆಂವ ಅಂಥಾವಲ್ಲ ಅಂತ ನನಗ ಗೊತ್ತಿತ್ತು. ಎಲ್ಲಾರೂ ಹೋಗೂದ ಬಿಟ್ರು, ನಾನೂ ಬಿಟ್ಟೆ.”

ಹೀಗೆಂದು ಕೊಡವನ್ನು ಅಲ್ಲೇ ಬಿಟ್ಟು ಓಣಿಯ ಕಡೆ ಹೊರಟರು. ನಾನು ಹಿಂದೆ ಹೋಗಲಿಲ್ಲ. ಅದು ನೋಡುವವನ ಜಾಗವಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಮುದುಕ ಬಂದು ಸುದ್ದಿ ತಂದ: ಮುದುಕಿ ಸೆರಗು ಒಡ್ಡಿ ನಿಂತಳಂತೆ, ರೈತರ ಹೆಂಡತಿ ಕಣಜದ ಬಾಯಿಯ ಸಗಣಿಯನ್ನು ಕುಡುಗೋಲಿನ ಹಿಡಿಯಿಂದ ಒಡೆದರಂತೆ. ಕಟ್ಟೆಯ ಮೇಲಿದ್ದ ಒಬ್ಬರು, “ಹಂಗಾರ ನಾಳಿ ಕೂರಿಗಿ ಹೂಡ್ತಾನ,” ಎಂದರು. ಇನ್ನೊಬ್ಬರು ಎಲೆ ಅಡಿಕೆಯ ಚೀಲ ನನ್ನ ಕಡೆ ಸರಿಸಿದರು.

ಹಸ್ತ ಮಳೆಗೆ ಮೊದಲು ಏಳು ಮನೆಯವರು ಬೀಜ ಒಯ್ದರು. ಬೇರೆ ವರ್ಷ ಓಣಿಯೇ ಬರುತ್ತಿತ್ತು. ಉಳಿದವರು ಅಂಗಡಿಯ ಚೀಲ ಕೊಂಡಾಗಿತ್ತು, ಅಥವಾ ಬರಲು ಮುಜುಗರ. ಮೈಂದರ್ಗಿಯ ಬೀಗರು ಬಂದರು, ಮಂದ್ರೂಪದ ಮಗಳ ಮನೆಯವರು ಬರಲಿಲ್ಲ. ಇದನ್ನು ಗೆಲುವು ಎಂದು ಬರೆದರೆ ನಾನು ಮತ್ತೊಂದು ತಪ್ಪು ಚಿತ್ರ ಕೊಟ್ಟಂತೆ. ರೈತರ ಸ್ವಂತ ಹೊಲಕ್ಕೆ ಬಿತ್ತನೆಯಾಯಿತು. ಅಷ್ಟು ಆಯಿತು.

ವಾಗದರಿಯ ಹಲಗೆ ಬರೆದ ಮರುದಿನ, ಶುಕ್ರವಾರದ ಕೂಟದಲ್ಲಿ ಎದ್ದು ನಿಂತೆ. ಕೆಲಸ ಹೋಯಿತು ಎಂದೆ. ಒಬ್ಬ ಮನುಷ್ಯನ ಹೆಸರು ನನ್ನ ಕೈಯಿಂದ ಕೆಟ್ಟಿತು, ಅದು ಪೂರ್ತಿ ಸರಿಯಾಗಿಲ್ಲ ಎಂದೆ. ಒಬ್ಬ ಮುದುಕಿ ಸೆರಗು ಒಡ್ಡಿದ್ದಕ್ಕೆ, ಒಬ್ಬ ಹುಡುಗಿ ಫೋಟೊ ತೆಗೆದದ್ದಕ್ಕೆ, ಮಳೆ ತೊಳೆದದ್ದಕ್ಕೂ ಸ್ತೋತ್ರ ಎಂದೆ. ನಿವೃತ್ತ ಆಯಾ ಅಜ್ಜಿ ಕೇಳಿ, “ಆತು, ಇನ್ನ ಕುಂದ್ರು. ಉದ್ದ ಆತು,” ಎಂದರು. ನಮ್ಮ ಮುಖ್ಯಸ್ಥರು ಹೇಳುತ್ತಿದ್ದುದೂ ಅದೇ ಮಾತು.

ಸೋಲನ್ನು ದೇವರು ಗೆಲುವಾಗಿ ಬದಲಿಸುತ್ತಾನೆ ಎಂದು ನಮ್ಮ ಸಭೆಯಲ್ಲಿ ಹಲವರು ಹೇಳುತ್ತಾರೆ. ಇರಬಹುದು. ನಾನು ಕಂಡಷ್ಟನ್ನು ಹೇಳುವುದಾದರೆ, ಸೋಲು ಸೋಲಾಗಿಯೇ ಇತ್ತು. ಅದರ ಮುಂದೆ ನಿಲ್ಲಲು ಕಾಲು ಸಿಕ್ಕಿತು. ಮಾರುಕಟ್ಟೆ ಧಾರಣೆಯ ಕಾಲಂ ಬರೆಯುತ್ತ ಆ ಮುಖವನ್ನು ಮರೆತುಬಿಡುವ ಸಾಧ್ಯತೆ ಸಾಕಷ್ಟಿತ್ತು. ಅದರಿಂದ ನನ್ನನ್ನು ಉಳಿಸಿದ್ದಕ್ಕೆ ನಾನು ಪ್ರತಿದಿನ ಬೆಳಿಗ್ಗೆ ಕೃತಜ್ಞತೆ ಹೇಳುತ್ತೇನೆ. ಈಗ ಸೊಲ್ಲಾಪುರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಮದುವೆ ಪತ್ರಿಕೆಗಳೇ ಹೆಚ್ಚು. ಹೆಸರುಗಳನ್ನು ಮೂರು ಸಲ ನೋಡುತ್ತೇನೆ. ಹಳೆಯ ಕಚೇರಿಯಲ್ಲಿ ಪುಟ ಕಟ್ಟುವವನ ಕಂಪ್ಯೂಟರಿನ ಮೇಲೆ ಮುಖ್ಯಸ್ಥರು ಕೈಯಾರೆ ಬರೆದ ಒಂದು ಚೀಟಿ ಇದೆಯಂತೆ: ಅಡಿಬರಹವಿಲ್ಲದ ಮುಖ ಪುಟಕ್ಕೆ ಹೋಗಕೂಡದು.

ನವೆಂಬರಿನಲ್ಲಿ ಒಂದು ಕರೆ ಬಂತು. ರೈತರದು. ಅದುವರೆಗೆ ಅವರು ನನಗೆ ಫೋನು ಮಾಡಿದವರಲ್ಲ.

“ಜ್ವಾಳ ಮಳಕಾಲ ಮಟ ಬಂದದ. ಬರ್ರಿ. ಕ್ಯಾಮೆರಾ ತರ್ರಿ.”

ನಾನು ಈಗ ಯಾವ ಪತ್ರಿಕೆಗೂ ಕೆಲಸ ಮಾಡುವುದಿಲ್ಲ, ಹಾಕಲು ಪುಟ ಇಲ್ಲ ಎಂದೆ. ನಮ್ಮ ಗ್ವಾಡಿಗಿ ಹಾಕ್ಲಿಕ್ಕ ಎಂದರು.

ಬಿಸಿಲು ಏರುವ ಮೊದಲೇ ಹೊಲ ತಲುಪಿದೆ. ರೈತರು, ಅವರ ಹೆಂಡತಿ, ಮೊದಲು ಬೀಜ ಒಯ್ದ ಮುದುಕಿ ಸಾಲಾಗಿ ನಿಂತಿದ್ದರು. ಮುದುಕಿ ಹೊಸ ಸೀರೆ ಉಟ್ಟಿದ್ದರು. ರೈತರು ಟೋಪಿ ಸರಿಮಾಡಿಕೊಂಡು, ಕ್ಯಾಮೆರಾ ನೋಡುವ ಮೊದಲು ನನ್ನನ್ನು ನೋಡಿದರು.

“ನಿಮ್ಮ ತಪ್ಪ ಬಿಟ್ಟೀನಿ ಅಂತ ತಿಳೀಬ್ಯಾಡ್ರಿ ಮತ್ತ,” ಎಂದರು. ಕ್ಯಾಮೆರಾದ ಕಡೆ ತಿರುಗಿ, “ಈ ಸಲ ತೆಳಗ ಹೆಸರ ಹಾಕ್ರಿ.”

ಮುದ್ರಣಾಲಯದಲ್ಲಿ ಆ ಚಿತ್ರವನ್ನು ದೊಡ್ಡದಾಗಿ ತೆಗೆಸಿದೆ. ಅಡಿಬರಹವನ್ನು ನಾನೇ ಜೋಡಿಸಿದೆ, ಕನ್ನಡದಲ್ಲಿ ಒಂದು ಸಾಲು, ಅದೇ ಮಾತು ದೇವನಾಗರಿ ಅಕ್ಷರದಲ್ಲಿ ಇನ್ನೊಂದು ಸಾಲು: ಎಡದಿಂದ ಬಲಕ್ಕೆ ಮೂವರ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಹೊಲದ ಹೆಸರು, ಯಾವ ಬೀಜ, ಯಾವ ದಿನ ಬಿತ್ತಿದ್ದು. ಇಷ್ಟು ಉದ್ದದ ಅಡಿಬರಹವನ್ನು ಯಾವ ಪತ್ರಿಕೆಯೂ ಒಪ್ಪುವುದಿಲ್ಲ. ಅವರ ಪಡಸಾಲೆಯ ಗೋಡೆ ಒಪ್ಪಿತು. ರೈತರ ಹೆಸರನ್ನು ಈ ಬರಹದಲ್ಲಿ ಎಲ್ಲಿಯೂ ನಾನು ಬರೆದಿಲ್ಲ. ಅದು ಇರಬೇಕಾದ ಕಡೆ, ಅವರ ಮುಖದ ಕೆಳಗೆ ಇದೆ.